ಫೆಬ್ರವರಿ ಇಪ್ಪತ್ತೊಂಬತ್ತರ ಪುಟ

ಇಲ್ಲಿ ಬರೆಯುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ನಡೆಸಿದ್ದು ಎಂಬುದು ನನಗೆ ಖಚಿತವಿಲ್ಲ. ಚೆಂಬೂರಿನ ದೀನಮ್ಮನವರ ಸಂಗತಿಯನ್ನು ನನ್ನ ಬೀಳ್ಕೊಡುಗೆಯ ದಿನ ಒಂದು ರೀತಿ ಹೇಳಿದೆ, ನೆಂಟರ ಮದುವೆಯೊಂದರಲ್ಲಿ ಇನ್ನೊಂದು ರೀತಿ ಹೇಳಿದೆ. ಮದುವೆಯಲ್ಲಿ ಜನ ಹೆಚ್ಚು ನಕ್ಕರು. ಅಂದಿನಿಂದ ನನ್ನ ನೆನಪು ಆ ಪಾಠವನ್ನೇ ಇಟ್ಟುಕೊಂಡು ಮೊದಲಿನದನ್ನು ಬಿಟ್ಟುಬಿಟ್ಟಿದೆ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವರಿಗೆ ಯಾರು ಏನು ಹೇಳಿದರೂ ಆಧಾರ ಕೇಳುವ ರೋಗ ಅಂಟಿಕೊಳ್ಳುತ್ತದೆ. ನಿವೃತ್ತಿಯಾದ ಮೇಲೆ ಕೇಳಲು ಬೇರೆ ಯಾರೂ ಸಿಗದೆ ಈಗ ನನ್ನನ್ನೇ ಕೇಳುತ್ತಿದ್ದೇನೆ. ಸಾಕ್ಷಿ ತಡವರಿಸುತ್ತಿದ್ದಾನೆ.

ಆದರೂ ಬರೆಯಬೇಕಾಗಿದೆ. ನಾನು ಮೂವತ್ತು ವರ್ಷ ಮಾಡಿದ ಕೆಲಸಕ್ಕೆ ಈಗ ಇಬ್ಬರು ಹೊಸಬರು ಬಂದಿದ್ದಾರೆ. ಅವರಿಗೆ ಕಂಪ್ಯೂಟರು, ಫೋನು, ಬರೆದದ್ದನ್ನು ಓದಿ ಕೇಳಿಸುವಾಗ ಹಾಕಲು ಹಿನ್ನೆಲೆ ಸಂಗೀತ ಎಲ್ಲ ಕೊಟ್ಟಿದ್ದಾರೆ. ಈ ಕೆಲಸ ಎಂಥದ್ದು ಎಂದು ಮಾತ್ರ ಯಾರೂ ಹೇಳಿಲ್ಲ.

ಕೆಲಸ ಇಷ್ಟೇ. ಬೈಕುಲ್ಲಾದ ಒಂದು ಗಲ್ಲಿಯಲ್ಲಿ, ವೆಲ್ಡಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಪುಟ್ಟ ಕ್ರೈಸ್ತ ಪ್ರಕಾಶನವಿತ್ತು. ಅಲ್ಲಿಂದ ಪ್ರತಿವರ್ಷ ಒಂದು ಕನ್ನಡ ಪುಸ್ತಕ ಹೊರಡುತ್ತಿತ್ತು. ದಿನಕ್ಕೊಂದು ಪುಟ. ಮೇಲೆ ಬೈಬಲ್ಲಿನ ಒಂದು ವಚನ, ಕೆಳಗೆ ಹದಿನೆಂಟು ಸಾಲಿನ ಧ್ಯಾನ, ಕೊನೆಗೆ ಒಂದು ಸಾಲಿನ ಪ್ರಾರ್ಥನೆ. ವಿಕ್ರೋಳಿಯ ಕಾರ್ಖಾನೆಯವರು, ಚೆಂಬೂರಿನ ಕಾಲೋನಿಯವರು, ಕುರ್ಲಾದ ಚಾಳಿನವರು ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮುಂಚೆ ಅಂದಿನ ಪುಟ ಓದಿ ಹೊರಡುತ್ತಿದ್ದರು. ನಂಬಿಕೆಯಲ್ಲಿ ಬೆಳೆಯಲು, ನಂಬಿಕೆಯಲ್ಲಿ ನಿಲ್ಲಲು ಎಂದು ಮುಖಪುಟದ ಮೇಲೆ ಅಚ್ಚಾಗಿರುತ್ತಿತ್ತು. ಒಳಗಿನ ಪುಟಗಳನ್ನೆಲ್ಲ ಬರೆಯುತ್ತಿದ್ದವನು, ಆ ಎರಡರಲ್ಲೂ ಹಿಂದೆ ಬಿದ್ದಿದ್ದ ನಾನು.

ನನ್ನನ್ನು ತೆಗೆದುಕೊಂಡವರು ರೆವರೆಂಡ್ ಅಮ್ಮಣ್ಣ. ಮಂಗಳೂರಿನವರು, ಪ್ರಕಾಶನದ ಕಾರ್ಯದರ್ಶಿ, ಬಿಳಿ ಪ್ಯಾಂಟು, ಕಿವಿಯ ಮೇಲೆ ಕೆಂಪು ಪೆನ್ಸಿಲು. ಸಂದರ್ಶನ ಒಂದು ಟೀ ಮುಗಿಯುವಷ್ಟು ಹೊತ್ತು ನಡೆಯಿತು.

"ಒತ್ತಕ್ಷರ ಸರಿ ಬರೀತಿಯಾ?"

"ಬರೀತೇನೆ ಸರ್."

"ನಂಬಿಕೆ ಉಂಟಾ?"

"ಸ್ವಲ್ಪ ಉಂಟು ಸರ್. ದಿನಾ ಇರೂದಿಲ್ಲ."

"ಅಷ್ಟು ಸಾಕು ಮಾರಾಯ. ಪುಟಕ್ಕೆ ಹದಿನೆಂಟೇ ಸಾಲು."

ಕೆಲಸದ ಮೊದಲ ವಿಚಿತ್ರ ಏನೆಂದರೆ, ನಾವು ಒಂದು ವರ್ಷಕ್ಕಿಂತ ಹೆಚ್ಚು ಮುಂದೆ ಬದುಕುತ್ತಿದ್ದೆವು. ಸೀಸದ ಅಕ್ಷರದ ಮೊಳೆ ಜೋಡಿಸಿ, ಅಚ್ಚು ಹಾಕಿ, ಹೊಲಿದು, ಸೊಲ್ಲಾಪುರ, ಬೀದರದವರೆಗೆ ಅಂಚೆಯಲ್ಲಿ ಕಳಿಸಬೇಕಲ್ಲ. ಮೇ ತಿಂಗಳ ಬೆವರಿನಲ್ಲಿ ಫ್ಯಾನಿನ ಕೆಳಗೆ ಕೂತು ಮುಂದಿನ ವರ್ಷದ ಕ್ರಿಸ್‌ಮಸ್ ಬರೆಯುತ್ತಿದ್ದೆ. ನಿಜವಾದ ಕ್ರಿಸ್‌ಮಸ್ ಬಂದಾಗ ನನ್ನ ಕೈಯಲ್ಲಿ ಶುಭ ಶುಕ್ರವಾರವಿರುತ್ತಿತ್ತು. ಮನೆಯಲ್ಲಿ ಎಲ್ಲರೂ ಕೇಕು ತಿನ್ನುವಾಗ ನಾನು ಶೋಕದಲ್ಲಿರುತ್ತಿದ್ದೆ. ಹೆಂಡತಿ ಇದನ್ನು ಭಕ್ತಿ ಎಂದು ಬಹಳ ವರ್ಷ ತಿಳಿದಿದ್ದಳು. ನಾನು ತಿದ್ದಲಿಲ್ಲ.

ಎರಡನೆಯ ವಿಚಿತ್ರ ಅಮ್ಮಣ್ಣನವರ ಪೆನ್ಸಿಲು. ಅವರು ನನ್ನ ಬರಹದಲ್ಲಿ ದೇವರನ್ನಾಗಲಿ ವ್ಯಾಕರಣವನ್ನಾಗಲಿ ಹುಡುಕುತ್ತಿರಲಿಲ್ಲ. 'ಬಹುಶಃ' ಎಂಬ ಪದವನ್ನು ಹುಡುಕುತ್ತಿದ್ದರು. ಕಂಡ ಕೂಡಲೇ ಕೆಂಪು ಗೀಟು.

"ಬೆಳಗ್ಗೆ ಡ್ಯೂಟಿಗೆ ಹೋಗುವವನ ಕೈಗೆ ಬಹುಶಃ ಕೊಟ್ಟು ಕಳಿಸೂದಾ? ಎಂಟು ಹನ್ನೆರಡರ ಟ್ರೈನು ಬಹುಶಃ ಬರಬಹುದು ಅಂತ ಯಾರಾದರೂ ಸ್ಟೇಷನಿಗೆ ಹೋಗ್ತಾರಾ?"

"ಸೆಂಟ್ರಲ್ ಲೈನಿನವರೆಲ್ಲ ಹಾಗೇ ಹೋಗೂದು ಸರ್."

ಅವರು ನಗಲಿಲ್ಲ. ಬಾಂದ್ರಾದಲ್ಲಿ ಮನೆ ಇದ್ದವರು, ಟ್ರೈನು ಹೊತ್ತಿಗೆ ಸರಿಯಾಗಿ ಬರುವ ವೆಸ್ಟರ್ನ್ ಲೈನಿನ ದೈವಭಕ್ತರು. ನಾನು 'ಬಹುಶಃ' ಬದಲು 'ಪ್ರಾಯಶಃ' ಬಳಸಿ ಮೂರು ತಿಂಗಳು ತಳ್ಳಿದೆ. ಅದೂ ಸಿಕ್ಕಿತು. ಆಮೇಲೆ 'ಇರಬಹುದು'. ಹೊಸಬರೇ, ಸಂಶಯವನ್ನು ಕ್ರಿಯಾಪದದ ಬಾಲದಲ್ಲಿ ಅಡಗಿಸಿದರೆ ಮೇಲಧಿಕಾರಿಗಳಿಗೆ ಕಾಣುವುದು ಕಡಿಮೆ.

ಮೂರನೆಯ ವಿಚಿತ್ರ ಇಮಾಮ್ ಸಾಬ್. ಮಹಡಿಯ ಹಿಂಭಾಗದಲ್ಲಿದ್ದ ನಮ್ಮ ಮುದ್ರಣದ ಕೋಣೆಯಲ್ಲಿ ಕನ್ನಡ ಮೊಳೆ ಜೋಡಿಸುವವರು, ವಿಜಯಪುರದ ಕಡೆಯವರು. ಮೊಳೆಯನ್ನು ತಲೆಕೆಳಗಾಗಿ ಓದುತ್ತ ಓದುತ್ತ ಬೈಬಲ್ಲಿನ ಬಹುಭಾಗ ಅವರಿಗೆ ಬಾಯಿಪಾಠವಾಗಿತ್ತು. ನಾನು ಆತುರದಲ್ಲಿ ವಚನದ ಕೆಳಗೆ ತಪ್ಪು ಅಧ್ಯಾಯ ಹಾಕಿದರೆ ಒಳಗಿನಿಂದಲೇ ಕೂಗು ಬರುತ್ತಿತ್ತು:

"ಸಾಹೇಬ್ರ, ಈ ವಚನ ಇಲ್ಲಿ ಇಲ್ಲ, ಮುಂದಿನ ಸುವಾರ್ತೆಯಾಗ ಐತಿ. ನೀವು ಓದಿದ ಕಾಲೇಜಿನಾಗ ಇದನ್ನ ಕಲಸಲಿಲ್ಲೇನು?"

ಒಮ್ಮೆ ರಮ್‌ಜಾನಿನ ಮಧ್ಯಾಹ್ನ ನಾನು ಕೊಟ್ಟ ಹಾಳೆಯಲ್ಲಿ ಐದು ಸಾವಿರ ಜನರಿಗೆ ರೊಟ್ಟಿ ಮೀನು ಬಡಿಸಿದ ಪ್ರಸಂಗವಿತ್ತು. ಇಮಾಮ್ ಸಾಬ್ ಹಾಳೆ ಹಿಡಿದುಕೊಂಡು ನನ್ನ ಮೇಜಿಗೇ ಬಂದರು. "ರೋಜಾ ಹಿಡದಾವಂಗ ಇಂಥಾ ಕಥಿ ಕೊಡ್ತೀರಲ್ಲ, ಮ್ಯಾಲಿಂದ ಹನ್ನೆರಡು ಬುಟ್ಟಿ ಉಳೀತು ಅಂತ ಬರದೀರಿ! ಇದನ್ನ ಈದ್ ಆದ ಮ್ಯಾಲೆ ಜೋಡಸ್ತೀನಿ." ಹಾಗಾಗಿ ಆ ವರ್ಷ ಆ ಊಟ ಒಂದು ವಾರ ಮುಂದಕ್ಕೆ ಹೋಯಿತು. ಓದುಗರಿಗೆ ತಿಳಿಯಲಿಲ್ಲ.

ತಿಳಿದ ತಪ್ಪುಗಳೂ ಇವೆ. ಒಂದು ಮಳೆಗಾಲದಲ್ಲಿ ಕುರ್ಲಾದ ಹಳಿಯ ಮೇಲೆ ಸೊಂಟದವರೆಗೆ ನೀರು ನಿಂತು ಎರಡು ದಿನ ಲೋಕಲ್ ಓಡಲಿಲ್ಲ. ನೀರು ಏರಿದ ಅದೇ ದಿನದ ಪುಟದಲ್ಲಿ ಜಲಪ್ರಳಯದ ನಾವೆಯ ಧ್ಯಾನವಿತ್ತು. ನಾನು ಅದನ್ನು ಹಿಂದಿನ ವರ್ಷ ಏಪ್ರಿಲಿನಲ್ಲಿ, ನಲ್ಲಿಯಲ್ಲಿ ನೀರಿಲ್ಲದ ದಿನ ಬರೆದಿದ್ದೆ. ಫೋನು ಮೇಲೆ ಫೋನು. ಅರ್ಧ ಜನ ನನ್ನನ್ನು ಪ್ರವಾದಿ ಎಂದರು. ಉಳಿದರ್ಧ, ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ, ಫ್ರಿಜ್ಜು ಮಂಚದ ಮೇಲೆ ಇಡ್ತಿದ್ದೆವಲ್ಲ ಎಂದು ಬೈದರು. ಅಮ್ಮಣ್ಣನವರು ಆದೇಶ ಹೊರಡಿಸಿದರು: "ಇನ್ನು ಮುಂದೆ ನಾವೆ ಜನವರಿಯಲ್ಲಿ." ನಿವೃತ್ತಿಯಾಗುವವರೆಗೆ ಜನವರಿಯಲ್ಲೇ ತೇಲಿಸಿದೆ.

ದೀನಮ್ಮನವರು ನನಗೆ ಪರಿಚಯವಾದದ್ದು ಇದಕ್ಕಿಂತ ನಾಚಿಕೆಯ ತಪ್ಪಿನಿಂದ. ಏಳೆಂಟು ವರ್ಷ ಬರೆದ ಮೇಲೆ ನನ್ನ ಸರಕು ಮುಗಿಯಿತು. ಹಳೆಯ ಪುಸ್ತಕಗಳಿಂದ ಪುಟ ತೆಗೆದು, ಮೊದಲ ಸಾಲು ಬದಲಿಸಿ, ಬೇರೆ ತಿಂಗಳಿಗೆ ಹಾಕಲು ಶುರುಮಾಡಿದೆ. ಯಾರು ಹಳೆಯ ಪುಸ್ತಕ ಇಟ್ಟುಕೊಳ್ಳುತ್ತಾರೆ? ಒಂದು ದಿನ ಆಫೀಸಿನ ಫೋನು ಬಡಿಯಿತು.

"ನೀನೇ ಏನು ಪುಸ್ತಕ ಬರೆಯಾಂವ?"

"ಹೌದಮ್ಮ, ನಾನೇ."

"ನಾ ದೀನಮ್ಮ, ಚೆಂಬೂರಿಂದ. ವಿಕ್ರೋಳಿ ಕಾರ್ಖಾನಿ ಕ್ಯಾಂಟೀನಿನ್ಯಾಗ ಇಪ್ಪತ್ತಾರು ವರ್ಷ ಅಡಗಿ ಮಾಡೀನಿ. ನಿನ್ನಿ ರಾತ್ರಿದು ಅನ್ನ ಮುಂಜಾನಿ ಬಿಸಿ ಮಾಡಿ ಹಾಕಿದ್ರ ನನಗ ಮೂಗಿಗೇ ಗೊತ್ತಾಗ್ತದ."

"ಅಂದ್ರೆ?"

"ಅಂದ್ರ ಇವತ್ತಿಂದು ಪುಟ ಐದು ವರ್ಷದ ಹಳೀದು. ಮ್ಯಾಲ ಕೊತ್ತಂಬರಿ ಉದುರಿಸಿದಿ ಅಷ್ಟೇ."

ನಾನು ಕ್ಷಮೆ ಕೇಳಿದೆ. ಇನ್ನು ಮುಂದೆ ದಿನಾ ಹೊಸದಾಗಿ ಮಾಡಬೇಕು, ಆಗದಿದ್ದರೆ ಒಂದು ಹೊತ್ತು ಉಪವಾಸ ಕೂರಿಸಬೇಕು, ಹಳಸಿದ್ದು ಹಾಕಬಾರದು ಎಂದು ಕ್ಯಾಂಟೀನಿನ ನಿಯಮ ಹೇಳಿ ಫೋನು ಇಟ್ಟರು. ಅಂದಿನಿಂದ ಎರಡು ಮೂರು ತಿಂಗಳಿಗೊಮ್ಮೆ ಫೋನು ಬರುತ್ತಿತ್ತು. ಇವತ್ತು ಉಪ್ಪು ಕಡಿಮೆ. ಇವತ್ತು ಬಹಳ ಬೇಯಿಸಿದಿ. ಒಮ್ಮೆ ಮಾತ್ರ, "ಇವತ್ತಿಂದು ಛಲೋ ಅದ, ಯಾರು ಬರೆದ್ರು?"

ಆ ಫೋನುಗಳಿಂದಲೇ ಅವರ ಮನೆಯ ವಿಷಯವೂ ತುಂಡು ತುಂಡಾಗಿ ತಿಳಿಯಿತು. ಗಂಡ ತೀರಿಕೊಂಡಿದ್ದ. ಒಂದೇ ಖೋಲಿ, ಅದರಲ್ಲಿ ಅವರು ಮತ್ತು ಮಗ ಪ್ರಭು. ಪ್ರಭುವಿಗೆ ಹೆಣ್ಣಿನ ಕಡೆಯವರು ನೋಡಲು ಬಂದಾಗ, ಹುಡುಗ ಸೂಪರ್‌ವೈಸರ್ ಅಂತೆ ಎಂದು ಕೇಳಿದ್ದಕ್ಕೆ ದೀನಮ್ಮ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು: ಸೂಪರ್‌ವೈಸರ್ ಅಲ್ಲ, ಹೆಲ್ಪರ್. ಸಂಬಂಧ ಮುರಿಯಿತು. ಆ ಸಂಜೆಯಿಂದ ಮಗ ತಾಯಿಯ ಹತ್ತಿರ ಮಾತು ಬಿಟ್ಟ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಬಟ್ಟೆ ಒಗೆದರೆ ಉಡುತ್ತಿದ್ದ. ಮಾತಿಲ್ಲ. ಹತ್ತಡಿ ಕೋಣೆಯಲ್ಲಿ ಮೂರು ವರ್ಷ.

ಈಗ ಆ ಫೆಬ್ರವರಿಗೆ ಬರುತ್ತೇನೆ.

ಅದು ಅಧಿಕ ವರ್ಷ. ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಬಾಗಿಲು ತೆರೆಯುವಾಗಲೇ ಫೋನು ಬಡಿಯುತ್ತಿತ್ತು.

"ತಮ್ಮಾ, ಇವತ್ತಿಂದು ಪುಟ ಎಲ್ಲದ?"

ನಾನು ಮೇಜಿನ ಮೇಲಿದ್ದ ಪುಸ್ತಕ ತೆರೆದೆ. ಫೆಬ್ರವರಿ ಇಪ್ಪತ್ತೆಂಟು. ಎದುರಿಗೆ ಮಾರ್ಚಿ ಒಂದು. ನಡುವೆ ಏನೂ ಇಲ್ಲ. ನನ್ನ ನೋಟುಬುಕ್ಕಿನಲ್ಲಿ ಪ್ರತಿವರ್ಷ ಮುನ್ನೂರ ಅರವತ್ತೈದು ಅಂಕಿ ಹಾಕಿ ಗೀಟು ಹಾಕಿಕೊಳ್ಳುವುದು ನನ್ನ ಕ್ರಮ. ಆ ವರ್ಷವೂ ಅಷ್ಟೇ ಹಾಕಿದ್ದೆ. ಒಂದು ದಿನವನ್ನು ಇಡಿಯಾಗಿ ಮರೆತಿದ್ದೆ.

"ಮಾತಾಡು. ಎಲ್ಲದ?"

"ಇರಿ ಅಮ್ಮ, ನೋಡ್ತಿದ್ದೇನೆ."

"ನೋಡು. ಚೆಂದಾಗಿ ನೋಡು. ಯಾಕಂದ್ರ ನಾ ದೇವರಿಗಿ ಇವತ್ತಿನ ತನಕ ಟೈಮ್ ಕೊಟ್ಟೀನಿ. ನನ್ನ ಮಗ ಮಾತಾಡಬೇಕು, ಇಲ್ಲಾ ಅಂದ್ರ ನನಗ ಅಂತ ಒಂದು ಮಾತು ಪುಟದಾಗ ಬರಬೇಕು. ಫೆಬ್ರವರಿ ಮುಗಿಯೂ ತನಕ ಅಂತ ಹೇಳೀನಿ. ಬರಲಿಲ್ಲಾ ಅಂದ್ರ ನಾಳಿಂದ ಪುಸ್ತಕ ಇಲ್ಲ, ಚರ್ಚ್ ಇಲ್ಲ, ಪ್ರಾರ್ಥನಿ ಇಲ್ಲ. ಅವನ ದಾರಿ ಅವನಿಗಿ, ನನ್ನ ದಾರಿ ನನಗ. ಇಪ್ಪತ್ತೆಂಟೂ ದಿನ ಓದೀನಿ, ಏನೂ ಬರಲಿಲ್ಲ. ಕಡೀದು ಇವತ್ತಿಂದು."

ಈ ಮಾತುಗಳ ಕ್ರಮ ನನಗೆ ನೆನಪಿದೆಯೋ, ನಾನು ಜೋಡಿಸಿದ್ದೋ ಹೇಳಲಾರೆ. ಆದರೆ ಫೋನಿನ ವೈರು ಬೆರಳಿಗೆ ಸುತ್ತಿಕೊಂಡು ಬೆರಳು ನೀಲಿಯಾದದ್ದು ನೆನಪಿದೆ. ಮೂವತ್ತು ವರ್ಷದಲ್ಲಿ ನನ್ನ ಬರಹ ಯಾರಿಗಾದರೂ ನಿಜವಾಗಿ ಬೇಕಾದದ್ದು ಅದೊಂದೇ ದಿನ. ಆ ದಿನವೇ ನಾನು ಬರೆದಿರಲಿಲ್ಲ.

"ಮಧ್ಯಾಹ್ನದೊಳಗೆ ತಂದುಕೊಡ್ತೇನೆ," ಎಂದು ಫೋನಿಟ್ಟೆ.

ಅಮ್ಮಣ್ಣನವರಿಗೆ ತೋರಿಸಿದೆ. ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು, ಪುಟ ಎಲ್ಲಾದರೂ ಉದುರೀತು ಎಂಬಂತೆ. "ಇದನ್ನು ನಾನೂ ಓದಿದ್ದೇನಲ್ಲ ಮಾರಾಯ!" ಎಂದರು. ಓದಿದ್ದರು, 'ಬಹುಶಃ' ಎಂಬ ಪದ ಹುಡುಕುತ್ತ. ಇಮಾಮ್ ಸಾಬರನ್ನು ಕರೆಸಿದರು.

"ಇಮಾಮ್, ಒಂದು ದಿನ ಕಮ್ಮಿ ಇರೂದು ನಿಮಗಾದರೂ ಗೊತ್ತಾಗಲಿಲ್ವಾ?"

"ನಮ್ಮಲ್ಲಿ ತಿಂಗಳು ಇಪ್ಪತ್ತೊಂಬತ್ತೋ ಮೂವತ್ತೋ ಅಂತ ಆಕಾಶ ನೋಡಿ ಹೇಳ್ತೀವ್ರೀ. ನಿಮ್ಮ ತಿಂಗಳು ಸಾಹೇಬ್ರ ನೋಟ್‌ಬುಕ್ ನೋಡಿ ಹೇಳಬೇಕಂತ ನನಗೇನ್ ಗೊತ್ತು?"

ಅಷ್ಟರಲ್ಲಿ ಬೇರೆ ಫೋನುಗಳೂ ಬರತೊಡಗಿದವು. ಅಮ್ಮಣ್ಣನವರು ಗಂಟಲು ಸರಿಮಾಡಿಕೊಂಡು ತಾವೇ ಎತ್ತಿದರು. "ಹೌದೌದು, ಬೇಕಂತಲೇ ಬಿಟ್ಟದ್ದು. ಆತ್ಮಶೋಧನೆಗೆ. ಈ ದಿನ ನೀವೇ ಬರೆಯಬೇಕು ಅಂತ." ಐದಾರು ಜನಕ್ಕೆ ಹೀಗೆ ಹೇಳಿದರು. ಎಲ್ಲರೂ ಮೆಚ್ಚಿದರಂತೆ. ಒಬ್ಬ ಪಾಸ್ಟರು, ಇಷ್ಟು ವರ್ಷದಲ್ಲಿ ನಿಮ್ಮ ಅತ್ಯುತ್ತಮ ಪುಟ ಇದೇ ಎಂದು ಹೊಗಳಿದರು. ನನಗೆ ಅದು ಈಗಲೂ ಸ್ವಲ್ಪ ಉರಿಯುತ್ತದೆ.

"ಆ ಚೆಂಬೂರಿನವರಿಗೂ ಹೀಗೇ ಹೇಳು," ಎಂದರು.

"ಅವರಿಗೆ ಹಾಗೆ ಹೇಳಲಿಕ್ಕಾಗೂದಿಲ್ಲ ಸರ್. ಅವರ ಮೂಗು ಬೇರೆ."

ನಾನು ಬರೆಯಲು ಕೂತೆ. ದಿನಕ್ಕೆ ನಾಲ್ಕೈದು ಪುಟ ಸಲೀಸಾಗಿ ಬರೆಯುತ್ತಿದ್ದ ಕೈ. ಹನ್ನೊಂದಾಯಿತು, ಹನ್ನೆರಡಾಯಿತು. ಯಾರೆಂದು ಗೊತ್ತಿಲ್ಲದ ಸಾವಿರ ಜನರಿಗೆ ಧೈರ್ಯ ಹೇಳುವುದು ಸುಲಭ. ಖೋಲಿಯಲ್ಲಿ ಕೂತು ಕಾಯುತ್ತಿರುವ ಒಬ್ಬ ಅಡುಗೆಯ ಹೆಂಗಸಿಗೆ, ದೇವರು ನಿನ್ನ ಮಾತು ಕೇಳುತ್ತಿದ್ದಾನೆ ಎಂದು ಬರೆಯಲು ಹೋದರೆ, ನಿನಗೆ ಹೇಗೆ ಗೊತ್ತು ಎಂದು ಅವರ ಧ್ವನಿಯಲ್ಲೇ ಕೇಳಿಸುತ್ತಿತ್ತು. ಕೊನೆಗೆ ಹದಿನೆಂಟರ ಬದಲು ನಾಲ್ಕು ಸಾಲು ಬಂತು. ಈ ದಿನವನ್ನು ಮರೆತವನು ನಾನು. ದೇವರು ಮರೆತಿಲ್ಲ ಎಂದು ಹೇಳುವಷ್ಟು ನನಗೆ ತಿಳಿಯದು. ಮರೆತಿದ್ದಾನೆ ಎಂದು ಹೇಳುವಷ್ಟೂ ತಿಳಿಯದು. ಬಹುಶಃ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಮಾಮ್ ಸಾಬ್ ಓದಿ ನನ್ನ ಮುಖ ನೋಡಿದರು. "'ಬಹುಶಃ' ಐತಲ್ರೀ?"

"ಇರಲಿ. ಕೆಂಪು ಪೆನ್ಸಿಲು ಫೋನಿನಲ್ಲಿದೆ."

"ಮ್ಯಾಲ ವಚನ?"

"ಯಾವುದೂ ಹೊಂದೂದಿಲ್ಲ."

"ಹಂಗಾರ ಜಾಗಾ ಖಾಲಿ ಬಿಡ್ತೀನಿ. ಸುಳ್ಳು ವಚನ ಹಾಕಬ್ಯಾಡ್ರಿ, ಪಾಪ." ಊಟಕ್ಕೂ ಹೋಗದೆ ಮೊಳೆ ಜೋಡಿಸಿದರು, ಪ್ರೂಫಿನ ರೋಲರು ಒಮ್ಮೆ ಎಳೆದರು. "ನಲವತ್ತು ವರ್ಷದಾಗ ಒಂದ ಕಾಪಿ ಎಡಿಶನ್ ಹೊಡದಿದ್ದು ಇದೇ ಮೊದಲು. ಹಿಡೀರಿ, ಮಸಿ ಹಸಿ ಐತಿ."

ಹಸಿ ಹಾಳೆಯನ್ನು ಹಪ್ಪಳದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಬೈಕುಲ್ಲಾದಲ್ಲಿ ಸ್ಲೋ ಟ್ರೈನು ಹತ್ತಿದೆ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನು. ಜನರ ನಡುವೆ ಕೈ ಮೇಲೆತ್ತಿ ನಿಂತಿದ್ದೆ. "ಕಾಯ್ ಆಹೇ ತೇ, ಕೋರ್ಟಾಚಾ ಆರ್ಡರ್ ಕಾ?" ಎಂದು ಒಬ್ಬ ಮರಾಠಿಯಲ್ಲಿ ಕೇಳಿದ, ಕೋರ್ಟಿನ ಆದೇಶವೇ ಎಂದು. ಹತ್ತಿರ ಹತ್ತಿರ ಅಂಥದ್ದೇ ಎಂದೆ.

ಅಲ್ಲಿಯವರೆಗೆ ನಾನು ದೀನಮ್ಮನವರನ್ನು ನೋಡಿರಲಿಲ್ಲ. ದೊಡ್ಡ ಹೆಂಗಸನ್ನು ಊಹಿಸಿದ್ದೆ. ಬಾಗಿಲು ತೆರೆದವರು ನನ್ನ ಭುಜಕ್ಕೆ ಬರುವಷ್ಟಿದ್ದರು. ಹಾಳೆ ತೆಗೆದುಕೊಂಡು ಕಿಟಕಿಯ ಹತ್ತಿರ ಕೈ ನೀಡಿ ಹಿಡಿದು ಓದಿದರು. ಮಸಿ ಹೆಬ್ಬೆರಳಿಗೆ ಅಂಟಿತು. ಮತ್ತೊಮ್ಮೆ ಓದಿದರು.

"ದೇವರ ಮಾತಿನ ಜಾಗಾ ಖಾಲಿ. ನಿನ್ನ ಮಾತು ನಾಲ್ಕು ಸಾಲು."

"ಹೌದಮ್ಮ."

"ಮರೆತಿ?"

"ಮರೆತೆ."

"ಕ್ಯಾಂಟೀನಿನ್ಯಾಗ ನಾ ಒಂದು ದಿನ ಮರೆತಿದ್ರ ಮುನ್ನೂರು ಮಂದಿ ನನ್ನ ಕೈಮಾ ಮಾಡ್ತಿದ್ರು." ನನಗೆ ಚಹಾ ಇಡಲು ಎದ್ದರು. ಸ್ಟೋವಿನ ಹತ್ತಿರ ಬೆನ್ನು ಮಾಡಿ ನಿಂತೇ ಹೇಳಿದರು: "ಹಂಗಾದ್ರ ಈ ಪರೀಕ್ಷಾ ಕ್ಯಾನ್ಸಲ್. ಪೇಪರೇ ಬಂದಿಲ್ಲ, ಪೋರ ನಾಪಾಸು ಅಂತ ಹೆಂಗ ಅನ್ನೂದು?"

ಆಮೇಲಿನ ಮಾತು ಯಾರದೆಂಬುದೇ ನನ್ನ ದೊಡ್ಡ ಅನುಮಾನ. ಬೀಳ್ಕೊಡುಗೆಯಲ್ಲಿ ಅದನ್ನು ನಾನು ಹೇಳಿದ್ದೆಂದೆ. ಮದುವೆಯಲ್ಲಿ ದೀನಮ್ಮನವರ ಬಾಯಲ್ಲಿ ಹಾಕಿದೆ. ಇಬ್ಬರಲ್ಲಿ ಒಬ್ಬರು, ಹಾಗಾದರೆ ಮರುಪರೀಕ್ಷೆ ಇದೇ ತಾರೀಖಿಗೆ ಆಗಬೇಕು ಎಂದೆವು. ಇನ್ನೊಬ್ಬರು, ಈ ತಾರೀಖು ಮತ್ತೆ ಬರುವುದು ನಾಲ್ಕು ವರ್ಷಕ್ಕೆ ಎಂದೆವು. ದೀನಮ್ಮ ಬೆರಳು ಮಡಿಚಿ ಎಣಿಸಿ ಜೋರಾಗಿ ನಕ್ಕದ್ದು ಮಾತ್ರ ಎರಡೂ ಪಾಠಗಳಲ್ಲಿದೆ.

"ನಾಲ್ಕು ವರ್ಷ! ಪುಕಟ ಟೈಮ್ ಸಿಕ್ತು ನೋಡು ದೇವರಿಗಿ. ನೀನೇನು ಅವನ ವಕೀಲ ಏನು?"

ನಾನು ವಕೀಲನಲ್ಲ, ಅವನ ಗುರುತೂ ಅಷ್ಟಕ್ಕಷ್ಟೇ ಎಂದೆ. ಅವರು ನಂಬಲಿಲ್ಲ. ಮೂರು ಲೋಟ ಚಹಾ ಕುಡಿಸಿ ಕಳಿಸಿದರು. ಮರುದಿನ ಮಾರ್ಚಿ ಒಂದರ ಪುಟ ಬಹಳ ಸಪ್ಪೆ ಎಂದು ಫೋನು ಬಂತು. ಪುಸ್ತಕ ಬಿಟ್ಟಿಲ್ಲ ಎಂದು ಹಾಗೆ ತಿಳಿಯಿತು.

ಆ ನಾಲ್ಕು ವರ್ಷದಲ್ಲಿ ಕೆಲಸದ ರೀತಿಯೇ ಬದಲಾಯಿತು. ಮೊಳೆಗಳನ್ನು ತೂಕಕ್ಕೆ ಹಾಕಿದರು, ಕಂಪ್ಯೂಟರು ಬಂತು. ಇಮಾಮ್ ಸಾಬ್ ಕೀಲಿಮಣೆ ಕಲಿತರು. ಅಕ್ಷರಗಳು ನೇರವಾಗಿ ಕಾಣುವುದರಿಂದ ಓದಲು ಕಷ್ಟವಾಗುತ್ತದೆ ಎಂದು ಆರು ತಿಂಗಳು ಗೊಣಗಿದರು. ಅಮ್ಮಣ್ಣನವರ ಪೆನ್ಸಿಲು ಪರದೆಯ ಮೇಲೆ ಓಡದೆ ಅವರು 'ಬಹುಶಃ' ಹುಡುಕುವುದನ್ನು ಯಂತ್ರಕ್ಕೇ ಒಪ್ಪಿಸಿದರು. ಅದು ಒಂದೇ ಒತ್ತಿಗೆ ವರ್ಷದ ನಲವತ್ತೊಂದನ್ನೂ ಹೆಕ್ಕಿ ತೋರಿಸಿದಾಗ ನಮ್ಮಿಬ್ಬರ ನಡುವಿನ ಆಟ ಮುಗಿಯಿತು. ಇಬ್ಬರಿಗೂ ಬೇಸರವಾಯಿತು.

ಈ ನಡುವೆ ನಾನು ಒಂದು ಪುಟವನ್ನು ಮಾತ್ರ ಗುಟ್ಟಾಗಿ ಬರೆಯುತ್ತಿದ್ದೆ. ಮುಂದಿನ ಫೆಬ್ರವರಿ ಇಪ್ಪತ್ತೊಂಬತ್ತು. ಲೋಕಲ್‌ನಲ್ಲಿ ಬರೆದೆ, ಟಿಕೆಟಿನ ಸಾಲಿನಲ್ಲಿ ಬರೆದೆ. ಹತ್ತೊಂಬತ್ತು ಸಲ ಹರಿದೆ. ಪರೀಕ್ಷೆಗೆ ಕೂತಿರುವುದು ದೇವರು, ಉತ್ತರ ಪತ್ರಿಕೆ ನನ್ನ ಕೈಯಲ್ಲಿ. ಇದಕ್ಕಿಂತ ಹಾಸ್ಯಾಸ್ಪದ ಸ್ಥಿತಿ ಸಂಶಯವಾದಿಗೆ ಬರಲಾರದು. ಬಂದದ್ದನ್ನು ಚೆನ್ನಾಗಿ ಮಾಡಬೇಕೆಂಬ ಹಟ ಮಾತ್ರ ಹತ್ತಿತು. ಕೊನೆಗೆ ಹದ ಬಂತು, ಆ ವರ್ಷದ ಪುಸ್ತಕಕ್ಕೆ ಸೇರಿತು. ಅದರ ಒಂದು ಸಾಲು ನನಗೆ ಬಹಳ ಮೆಚ್ಚುಗೆಯಾಗಿತ್ತು: ಉತ್ತರ ಬಾರದ ಮನೆಯ ಬಾಗಿಲಲ್ಲಿ ಕಾದು ನಿಂತವನು ಮೂರ್ಖನೇ ಆಗಿರಬಹುದು, ಆದರೂ ಅವನು ಬಾಗಿಲು ಬಿಟ್ಟು ಹೋಗಿಲ್ಲ.

ಆ ದಿನ ಬಂತು. ಮಧ್ಯಾಹ್ನದವರೆಗೆ ಫೋನಿಗಾಗಿ ಕಾದೆ. ಫೋನು ಬರಲಿಲ್ಲ. ಮೌನ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಮೂರು ಗಂಟೆಗೆ ಟ್ರೈನು ಹತ್ತಿ ಚೆಂಬೂರಿಗೆ ಹೋದೆ. ದೀನಮ್ಮ ಬದನೆಕಾಯಿ ಹೆಚ್ಚುತ್ತಿದ್ದರು.

"ಬಾ ತಮ್ಮಾ. ಏನು ಇತ್ಲಾಗ?"

"ಇವತ್ತು ಫೆಬ್ರವರಿ ಇಪ್ಪತ್ತೊಂಬತ್ತು."

"ಗೊತ್ತದ."

"ಪುಟ ಓದಿದ್ರಾ?"

"ಇಲ್ಲ. ಓದಂಗಿಲ್ಲ."

ಬಿಟ್ಟುಬಿಟ್ಟಿರಾ ಎಂದು ಕೇಳಿದೆ. ಅವರು ಈಳಿಗೆ ಬದಿಗಿಟ್ಟರು.

"ಪ್ರಭು ಹೋದ ವರ್ಷ ಮಾತಾಡ್ದ."

"ಏನಂದ?"

"'ಉಪ್ಪು ಜಾಸ್ತಿ ಆಗ್ಯಾದ' ಅಂದ."

"ಅಷ್ಟೇನಾ?"

"ಆರು ವರ್ಷದ ಮ್ಯಾಲ ಅಷ್ಟು ಅಂದ್ರ ಕಡಿಮಿ ಏನು? ಅವತ್ತಿಂದ ವಾರಕ್ಕ ಒಂದು ಸಲ ಒಂದು ಚಿಟಿಕಿ ಹೆಚ್ಚೇ ಹಾಕ್ತೀನಿ. ಅವನೂ ವಾರಕ್ಕೊಮ್ಮಿ ಬೈತಾನ. ಹೋದ ಶನಿವಾರ ನಾಲ್ಕು ಮಾತು ಬೈದ." ಮುಖ ಹಿಗ್ಗಿತ್ತು. "ಇದು ದೇವರು ಮಾಡಿದ್ದೋ, ಉಪ್ಪು ಮಾಡಿದ್ದೋ ನನಗ ಗೊತ್ತಿಲ್ಲ, ಕೇಳಂಗೂ ಇಲ್ಲ. ಇವತ್ತಿಂದು ಪುಟ ಓದಿದ್ರ ಮತ್ತ ಪರೀಕ್ಷಾ ಆಗ್ತದ. ಪಾಸೋ ನಾಪಾಸೋ ಅನ್ನಬೇಕಾಗ್ತದ. ನಾ ಯಾಕ ಅನ್ನಲಿ? ದೇವರು ಮಾತು ಕೊಡ್ಲಿ ಬಿಡ್ಲಿ, ನಾ ಮುಂಜಾನಿ ಎದ್ದು ಪ್ರಾರ್ಥನಿ ಮಾಡಾಕಿ. ಚಟಾ ಬಿದ್ದದ."

ಹೀಗೆ ದೇವರು ಪರೀಕ್ಷೆಯಿಂದ ಪಾರಾದ. ನಾನು ಪಾರಾಗಲಿಲ್ಲ. ಖುಷಿ ಪಡಬೇಕಾದವನು ಕೋಪಗೊಂಡಿದ್ದೆ. ನಾಲ್ಕು ವರ್ಷ, ಹತ್ತೊಂಬತ್ತು ಕರಡು, ಓದುವವರೊಬ್ಬರೇ, ಅವರೂ ಓದುವುದಿಲ್ಲವಂತೆ!

"ಅಮ್ಮ, ಒಂದೇ ಸಲ ಓದಿ. ಪರೀಕ್ಷೆ ಅಂತ ಅಲ್ಲ. ಅಡುಗೆ ರುಚಿ ನೋಡಿದ ಹಾಗೆ."

"ಬಹಳ ಹಟ ಮಾಡ್ತಿ. ನೀನೇ ಓದು, ನಾ ಕೆಲಸ ಮಾಡಕೋತ ಕೇಳ್ತೀನಿ."

ಓದಿದೆ. ಬದನೆಕಾಯಿ ಹೆಚ್ಚುವ ಸದ್ದಿನ ಜೊತೆ ಹದಿನೆಂಟೂ ಸಾಲು ಓದಿದೆ. ಬಾಗಿಲಿನ ಸಾಲು ಬಂದಾಗ ಈಳಿಗೆ ನಿಂತಿತು. ಮುಗಿಸಿ ಮುಖ ನೋಡಿದೆ.

"ಛಲೋ ಬರದಿ. ಹಳಸಿಲ್ಲ." ನಂತರ ಚಾಕುವಿನಂತೆ ಬೆರಳು ತೋರಿಸಿ ಹೇಳಿದರು: "ಖರೆ ಇದು ನನಗ ಬರದಿದ್ದಲ್ಲ. ಬಾಗಲಾಗ ನಿಂತಾಂವ ನೀನು. ನಾ ಒಳಗ ಅಡಗಿ ಮಾಡ್ಲಾಕತ್ತೀನಿ."

ನಾನು ಪುಸ್ತಕ ಮುಚ್ಚಿದೆ.

"ಬರೂ ಭಾನುವಾರ ನಮ್ಮ ಚರ್ಚಿನಾಗ ಕರ್ತನ ಭೋಜನ ಅದ. ಬಂದು ನನ್ನ ಬಾಜೂ ಕೂಡು."

"ನಾನು ರೊಟ್ಟಿ ದ್ರಾಕ್ಷಾರಸ ತೆಗೆದುಕೊಂಡು ಒಂಬತ್ತು ವರ್ಷ ಆಯ್ತು ಅಮ್ಮ. ಖಚಿತ ಇಲ್ಲದವನು ಅಲ್ಲಿಗೆ ಹೋಗಬಾರದು. ಅದು ಮೋಸ."

"ಹಸಿದಾಂವ ಊಟಕ್ಕ ಬರ್ತಾನ. ಖಚಿತ ಇದ್ದಾಂವ ಊಟಾ ಮುಗಿಸಿ ಕೈ ತೊಳದಿರ್ತಾನ. ಬರ್ತಿ ಏನು ಇಲ್ಲ?"

ನೋಡೋಣ ಎಂದು ಎದ್ದು ಬಂದೆ.

ಭಾನುವಾರ ನಾನು ಹೋಗಲಿಲ್ಲ. ಜ್ವರವಿತ್ತು. ಮನೆಯಲ್ಲಿ ಗಂಜಿ ಕುಡಿದು ಪ್ರೂಫು ನೋಡಿದೆ. ಈ ಕಥೆಯನ್ನು ಎಲ್ಲಿ ಹೇಳಿದರೂ ನಾನು ಮುಗಿಸುತ್ತಿದ್ದದ್ದು ಇಲ್ಲಿಗೆ: ದೀನಮ್ಮ ನಂಬಿಕೆಯಲ್ಲಿ ನಿಂತರು, ನಾನು ಪ್ರಾಮಾಣಿಕನಾಗಿ ಹೊರಗೇ ಉಳಿದೆ. ಕೇಳಿದವರು ನನ್ನ ಪ್ರಾಮಾಣಿಕತೆಗೆ ತಲೆದೂಗುತ್ತಿದ್ದರು. ಅದು ನನಗೆ ಹಿತವಾಗಿತ್ತು.

ಹೊಸಬರೇ, ನಿಮಗೆ ಹೇಳಬೇಕೆಂದಿದ್ದ ಬುದ್ಧಿಮಾತು ಹೆಚ್ಚೇನಿಲ್ಲ. ಸಾವಿರ ಜನಕ್ಕೆ ಬರೆಯಬೇಡಿ, ನಿಮ್ಮನ್ನು ಬೈಯುವ ಒಬ್ಬರಿಗೆ ಬರೆಯಿರಿ. ಹಿನ್ನೆಲೆ ಸಂಗೀತ ಸ್ವಲ್ಪ ಕಡಿಮೆ ಇಡಿ. ನಿಮ್ಮ ಕಂಪ್ಯೂಟರಿನ ನಮೂನೆಯಲ್ಲಿ ಮುನ್ನೂರ ಅರವತ್ತಾರು ಮನೆ ಇವೆಯೇ ನೋಡಿಕೊಳ್ಳಿ. ನಂಬಿಕೆ ದಿನಾ ಇರದಿದ್ದರೂ ಪುಟ ದಿನಾ ಹೋಗಬೇಕು. ಪುಟ ಬರೆಯುತ್ತ ಬರೆಯುತ್ತ ಉಳಿದದ್ದು ಹಿಂದಿನಿಂದ ಬರುತ್ತದೆ ಎಂದು ಅಮ್ಮಣ್ಣನವರು ಹೇಳುತ್ತಿದ್ದರು. ಬರುತ್ತದೆಯೋ ಇಲ್ಲವೋ ಎಂಬುದಕ್ಕೆ ನನ್ನ ಹತ್ತಿರ ಆಧಾರವಿರಲಿಲ್ಲ.

ದೀನಮ್ಮ ತೀರಿಕೊಂಡು ಎರಡು ವರ್ಷವಾಯಿತು. ಪ್ರಭುವೇ ಫೋನು ಮಾಡಿದ್ದ. ನಾನು ಅವನ ಧ್ವನಿ ಕೇಳಿದ್ದು ಅದೇ ಮೊದಲು. ಮೂರೇ ವಾಕ್ಯ, ಕೊನೆಯದು, "ಅವ್ವ ನಿಮ್ಮನ್ನ ಬಹಳ ಬೈತಿದ್ಳು."

ಇದನ್ನು ಬರೆಯಲು ಕೂತ ಮೇಲೆ, ನನ್ನ ನೆನಪಿಗೆ ಎಲ್ಲಾದರೂ ಒಂದು ಆಧಾರ ಸಿಕ್ಕೀತೇ ಎಂದು ಕಳೆದ ತಿಂಗಳು ಚೆಂಬೂರಿನ ಅವರ ಚರ್ಚಿಗೆ ಹೋದೆ. ಅಲ್ಲಿ ಕರ್ತನ ಭೋಜನಕ್ಕೆ ಬರುವವರು ಆರಾಧನೆಗೆ ಮುಂಚೆ ಬಾಗಿಲ ಬಳಿಯ ಪುಸ್ತಕದಲ್ಲಿ ತಮ್ಮ ಹೆಸರು ಬರೆಯುವ ರೂಢಿಯಿದೆ. ನಾನು ಎರಡನೇ ಸಲ ದೀನಮ್ಮನವರ ಮನೆಗೆ ಹೋದ ಆ ವಾರ ಅವರು ಭೋಜನಕ್ಕೆ ಬಂದಿದ್ದರೇ ಎಂಬುದೊಂದಾದರೂ ತಿಳಿಯಲಿ ಎಂದಿತ್ತು. ಅಲ್ಲಿನ ಹೊಸ ಪಾಸ್ಟರು ಚಿಕ್ಕ ವಯಸ್ಸಿನವರು, ಕನ್ನಡಕ್ಕೆ ತಡಕಾಡುವವರು. "ಅಂಕಲ್, ಪುರಾನಾ ರಿಜಿಸ್ಟರ್ ಎಲ್ಲಾ ಆ ಕಬರ್ಡ್ ಮೇಲೆ ಇದೆ. ಧೂಳು ಬಹುತ್ ಇದೆ, ಸಂಭಾಲ್ ಕೆ," ಎಂದರು. ಕುರ್ಚಿ ಹಾಕಿ ನಾನೇ ಇಳಿಸಿದೆ. ಆ ಭಾನುವಾರದ ಪುಟ ಸಿಕ್ಕಿತು. ದೀನಮ್ಮನವರ ಹೆಸರಿದೆ, ದಪ್ಪ ದಪ್ಪ ಅಕ್ಷರ. ಅದರ ಕೆಳಗೆ ನನ್ನ ಹೆಸರಿದೆ. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಕೈಬರಹ ನನ್ನದೇ.